ಶನಿವಾರ ಅತಿಥಿಗಳು ಬಂದರೆ ಬಾದಾಮಿ ಮಾವು ಯಾವತ್ತು ಕೀಳಬೇಕು?

ಮೇ ತಿಂಗಳಲ್ಲಿ ಶ್ರೀನಿವಾಸಪುರದ ಕಡೆ ಮಾವಿನ ತೋಟಕ್ಕೆ ತಂಗಲು ಬರುವವರು ಮೊದಲು ಕೇಳುವುದು, "ಮರದಿಂದಲೇ ಕಿತ್ತು ತಿನ್ನಬಹುದಾ?" ಎಂದು. ಬಾದಾಮಿಯಲ್ಲಿ ಅದು ಆಗದ ಮಾತು. ಬಲಿತ ಕಾಯಿ ಹುಲ್ಲಿನಲ್ಲಿ ಹಣ್ಣಾಗಲು ಸುಮಾರು ಆರರಿಂದ ಎಂಟು ದಿನ ಬೇಕು. ಹಾಗಾಗಿ ಮನೆಯಲ್ಲಿ ಅತಿಥಿಗಳ ಬುಕಿಂಗ್ ನೋಡಿಕೊಳ್ಳುವವರೂ ಕಾಯಿ ಕೀಳಿಸುವವರೂ ಒಂದೇ ಕ್ಯಾಲೆಂಡರ್ ನೋಡಬೇಕು. ಶನಿವಾರ ಜನ ಬರುವುದಾದರೆ ಹಿಂದಿನ ಶನಿವಾರ ಒಂದು ಮಂಕರಿ, ಮಾರನೇ ದಿನ ಇನ್ನೊಂದು ಮಂಕರಿ ಕೀಳಿಸಿ. ಒಂದು ತಡವಾದರೂ ಇನ್ನೊಂದು ಕೈಗೆ ಬರುತ್ತದೆ.

ತೊಟ್ಟಿನ ಎರಡೂ ಕಡೆ ಭುಜ ತುಂಬಿ ಮೇಲೆದ್ದಿದ್ದರೆ ಕಾಯಿ ಬಲಿತಿದೆ. ಅನುಮಾನವಿದ್ದರೆ ಬಕೆಟ್ ನೀರಿಗೆ ಹಾಕಿ. ತೇಲುವ ಕಾಯಿ ಹುಲ್ಲಿನಲ್ಲಿ ಸುಕ್ಕಾಗುತ್ತದೆ, ಸಿಹಿಯಾಗುವುದಿಲ್ಲ.

ಬಿಸಿಲೇರುವ ಮುಂಚೆ ಬಲೆ ಕಟ್ಟಿದ ದೋಟಿಯಿಂದ ತೊಟ್ಟು ಸಮೇತ ಕಿತ್ತು, ನೆರಳಿನಲ್ಲಿ ತೊಟ್ಟು ಚಿಕ್ಕದು ಮಾಡಿ, ಸೊನೆ ಇಳಿಯುವ ತನಕ ಬೋರಲು ಇಡಿ. ಸೊನೆ ಹರಿದ ಕಡೆ ಸಿಪ್ಪೆ ಸುಟ್ಟಂತೆ ಕಪ್ಪಾಗುತ್ತದೆ. ಮಕ್ಕಳ ತುಟಿಗೆ ತಾಗಿದರೆ ಹುಣ್ಣು. ಮಳೆ ಬಿದ್ದ ವಾರವಾದರೆ ಚಿಬ್ಬು ರೋಗದ ಕಪ್ಪು ಚುಕ್ಕೆ ಖಂಡಿತ. ಕಿತ್ತ ದಿನವೇ 52 ಡಿಗ್ರಿ ಬಿಸಿನೀರಿನಲ್ಲಿ 10 ನಿಮಿಷ ಅದ್ದಿ, ಒರೆಸಿ, ಆರಿಸಿದರೆ ತುಂಬಾ ಕಡಿಮೆಯಾಗುತ್ತದೆ. ಥರ್ಮಾಮೀಟರ್ ಇಲ್ಲದೆ ಈ ಕೆಲಸ ಬೇಡ, ಸಿಪ್ಪೆ ಬೆಂದುಹೋಗುತ್ತದೆ.

ಆಮೇಲೆ ಭತ್ತದ ಹುಲ್ಲಿನ ಮೇಲೆ ಎರಡು ವರಸೆಗಿಂತ ಹೆಚ್ಚು ಪೇರಿಸದೆ ಹರಡಿ. ದಿನಾ ಒಮ್ಮೆ ನೋಡಿ ಕೊಳೆತದ್ದನ್ನು ತೆಗೆಯಿರಿ. ಕಾರ್ಬೈಡ್ ಹಾಕಿ ಹಣ್ಣು ಮಾಡುವುದು ಕಾನೂನುಬಾಹಿರ, ಹಣ್ಣಿಗೆ ಬಣ್ಣ ಬಂದರೂ ರುಚಿ ಬರುವುದಿಲ್ಲ. ಮನೆಗೆ ಬಂದವರ ತಟ್ಟೆಗೆ ಅದನ್ನು ಹಾಕುವುದು ನಮ್ಮ ಪ್ರಕಾರ ದ್ರೋಹ.

ಬಾದಾಮಿಯನ್ನು ಇಡಿಯಾಗಿ ಕೊಡಬೇಡಿ, ಅಡುಗೆಮನೆಯಲ್ಲೇ ಹೆಚ್ಚಿ ನೋಡಿ. ಹೊರಗೆ ಚಿನ್ನದಂತಿದ್ದ ಹಣ್ಣಿನಲ್ಲಿ ಚಾಕು ಇಳಿದ ಕೂಡಲೇ ಓಟೆಯ ಸುತ್ತ ಬಿಳಚಿದ, ಸ್ಪಂಜಿನಂಥ ತಿರುಳು ಕಾಣಬಹುದು. ಹುಳಿ ವಾಸನೆ ಬೇರೆ. ಹುಳು ಇರುವುದಿಲ್ಲ, ಸಿಪ್ಪೆಯ ಮೇಲೆ ಗುರುತೂ ಇರುವುದಿಲ್ಲ. ಮರದಲ್ಲೇ ಪೂರ್ತಿ ಮಾಗಲು ಬಿಟ್ಟ ಕಾಯಿಗೆ, ಕಾದ ನೆಲದ ಝಳ ಹೊಡೆದ ಕಾಯಿಗೆ ಇದು ಹೆಚ್ಚು. ಮರದಡಿಯ ತರಗೆಲೆ ಗುಡಿಸದೆ ಹೊದಿಕೆಯಾಗಿ ಬಿಡಿ, ಪೂರ್ತಿ ಮಾಗುವ ಸ್ವಲ್ಪ ಮುಂಚೆಯೇ ಕೀಳಿ, ಕಿತ್ತದ್ದನ್ನು ಬಿಸಿಲಿನ ನೆಲದಲ್ಲಿ ಇಡಬೇಡಿ.

ಕಿತ್ತು ತಿನ್ನುವ ಆಸೆಗೆ ಗಿಣಿಮೂತಿ (ತೋತಾಪುರಿ) ಮಾವು ಇದೆಯಲ್ಲ! ತಗ್ಗು ಕೊಂಬೆಯ ಒಂದು ಮರವನ್ನು ಅತಿಥಿಗಳ ಮಕ್ಕಳಿಗೇ ಬಿಟ್ಟು, ತೊಳೆದು ಹೆಚ್ಚಿ ಉಪ್ಪು-ಖಾರ ಹಾಕಿ ಕೊಡಿ. ಹಿಂದಿನ ದಿನವೇ ಕೊಂಬೆಯಲ್ಲಿ ಕೆಂಜಿಗದ ಗೂಡು ಇದೆಯಾ ನೋಡಿಕೊಳ್ಳಿ. ಔಷಧಿ ಹೊಡೆದ ಮರಕ್ಕೆ ಡಬ್ಬಿಯ ಮೇಲೆ ಬರೆದಷ್ಟು ದಿನ ಯಾರನ್ನೂ ಬಿಡಬೇಡಿ.

ಹೊರಡುವಾಗ ಕೊಡುವ ಡಬ್ಬದಲ್ಲಿ ಕೆಳಗೆ ಗಟ್ಟಿ ಕಾಯಿ, ಮೇಲೆ ಇವತ್ತೇ ತಿನ್ನುವ ಹಣ್ಣು. ಗಟ್ಟಿ ಇರುವುದನ್ನು ಫ್ರಿಜ್ಜಿಗಿಡಬೇಡಿ ಎಂದು ಡಬ್ಬದ ಮೇಲೇ ಬರೆಯಿರಿ. ಚಳಿ ತಗುಲಿದ ಕಾಯಿ ಆಮೇಲೆ ಸರಿಯಾಗಿ ಹಣ್ಣಾಗುವುದಿಲ್ಲ, ಬೈಗುಳ ತೋಟಕ್ಕೆ ಬರುತ್ತದೆ.