ಗಡ್ಡೆ ಫೈಲ್‌ಗಿಂತ ಮುಂಚೆ ರಕ್ತದ ಫೈಲ್ ತೆಗೀರಿ

ನಾನು ಗೋಣಿಕೊಪ್ಪದ ಮನೇಲಿ ಕೂತು ಬೆಂಗಳೂರಿನ ಒಂದು ಲ್ಯಾಬ್‌ಗೆ ಡಿಎನ್‌ಎ ಡೇಟಾ ನೋಡೋ ಕೆಲಸ ಮಾಡ್ತೀನಿ, ಹೆಚ್ಚಾಗಿ ಮೆದುಳಿನ ಗಡ್ಡೆಗಳದ್ದು, ಅದ್ರಲ್ಲೂ ಗ್ಲಿಯೋಬ್ಲಾಸ್ಟೋಮಾ ಅನ್ನೋ ಬೇಗ ಬೆಳೆಯೋ ಮೆದುಳಿನ ಕ್ಯಾನ್ಸರ್. ಡೇಟಾ ಎಲ್ಲಾ ಅಲ್ಲಿನ ಸರ್ವರಲ್ಲೇ ಇರುತ್ತೆ, ಹಾಗಾಗಿ ಮಳೆಗಾಲದಲ್ಲಿ ಕರೆಂಟ್ ಹೋದ್ರೂ ಓಡ್ತಿರೋ ಕೆಲಸ ನಿಲ್ಲಲ್ಲ, ನಾನು ಮಾತ್ರ ಸುಮ್ನೆ ಕೂರ್ಬೇಕು. ಹೊಸದಾಗಿ ಸೇರಿದವ್ರು ಮೈಟೊಕಾಂಡ್ರಿಯಾ (ಕೋಶಕ್ಕೆ ಶಕ್ತಿ ಮಾಡಿಕೊಡೋ ಪುಟ್ಟ ಭಾಗ, ಅದಕ್ಕೆ ತನ್ನದೇ ಡಿಎನ್‌ಎ ಇದೆ) ಡಿಎನ್‌ಎ ಮೊದಲ ಸಲ ನೋಡಿದಾಗ ಹೆಚ್ಚುಕಮ್ಮಿ ಒಂದೇ ಮೆಸೇಜ್ ಹಾಕ್ತಾರೆ, "ಅಕ್ಕಾ, ಈ ಗಡ್ಡೇಲಿ ಮೂವತ್ತಕ್ಕಿಂತ ಜಾಸ್ತಿ ಮ್ಯುಟೇಶನ್ ಇದೆ!" ಅಂತ. ಮ್ಯುಟೇಶನ್ ಅಂದ್ರೆ ಡಿಎನ್‌ಎ ಅಕ್ಷರ ಬದಲಾಗಿರೋದು. ಅದೇ ರೋಗಿಯ ರಕ್ತದ ಡಿಎನ್‌ಎ ಫೈಲ್ ತೆಗ್ದು ನೋಡಿದ್ರಾ ಅಂತ ನಾನು ಕೇಳ್ತೀನಿ.

ಈ ಡಿಎನ್‌ಎ ಬಹಳ ಚಿಕ್ಕದು, 16,569 ಅಕ್ಷರ, 37 ಜೀನ್, ಅಷ್ಟೇ. ನಾವು ಹೋಲಿಸೋ ರೆಫರೆನ್ಸ್ 1981ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಓದಿದ್ದು, 1999ರಲ್ಲಿ ತಿದ್ದಿದ್ದು, ಯುರೋಪಿನಲ್ಲಿ ಜಾಸ್ತಿ ಇರೋ ಎಚ್ ಅನ್ನೋ ತಾಯಿ ಕಡೆಯ ವಂಶದ ಗುಂಪಿಗೆ ಸೇರಿದ್ದು. ನಮ್ಮ ದೇಶದಲ್ಲಿ ಜಾಸ್ತಿ ಸಿಗೋದು ಎಂ ಗುಂಪು. ಹಾಗಾಗಿ ನಮ್ಮ ಕೊಡಗಿನ ಅಮ್ಮತ್ತಿಯ ಗಟ್ಟಿಮುಟ್ಟಾದ ಮನುಷ್ಯನ ರಕ್ತ ತಗೊಂಡ್ರೂ ಹತ್ತಾರು ವ್ಯತ್ಯಾಸ ಬಂದೇ ಬರುತ್ತೆ, ಅದೆಲ್ಲ ಹುಟ್ಟಿನಿಂದ ಇರೋದು, ಕಾಯಿಲೆಗೂ ಅದಕ್ಕೂ ಸಂಬಂಧ ಇಲ್ಲ. 263, 8860, 15326 ಈ ಮೂರು ಜಾಗ ಅಂತೂ ಹೆಚ್ಚುಕಮ್ಮಿ ಯಾರ ಫೈಲ್ ತೆಗೆದ್ರೂ ಕಾಣ್ಸುತ್ತೆ, ಯಾಕಂದ್ರೆ ಅಲ್ಲಿ ಅಪರೂಪದ ಅಕ್ಷರ ಇರೋದು ರೆಫರೆನ್ಸಲ್ಲೇ.

ಅದೇ ರೋಗಿಯ ರಕ್ತದಲ್ಲಿ ಇರೋದನ್ನೆಲ್ಲ ಕಳೆದ್ರೆ ಒಂದೋ ಎರಡೋ ಉಳಿಯುತ್ತೆ, ಎಷ್ಟೋ ಸಲ ಏನೂ ಉಳಿಯಲ್ಲ. ಉಳಿದಿದ್ದನ್ನೂ ಹಾಗೇ ನಂಬೋ ಹಾಗಿಲ್ಲ. ಮೈಟೊಕಾಂಡ್ರಿಯಾ ಡಿಎನ್‌ಎ ತುಂಡುಗಳು ಯಾವುದೋ ಕಾಲದಲ್ಲಿ ನಮ್ಮ ಕ್ರೋಮೋಸೋಮ್‌ಗಳ ಒಳಗೂ ಸೇರ್ಕೊಂಡಿವೆ, ನಮ್ಟ್ ಅಂತೀವಿ, ಅವು ಕಮ್ಮಿ ಪರ್ಸೆಂಟ್‌ನಲ್ಲಿ ಮ್ಯುಟೇಶನ್ ಥರಾನೇ ಕಾಣ್ತವೆ. 310ನೇ ಅಕ್ಷರದ ಅಕ್ಕಪಕ್ಕ ಸಾಲಾಗಿ ಸಿ ಸಿ ಸಿ ಅಂತ ಒಂದೇ ಅಕ್ಷರ ಬರೋ ಜಾಗದಲ್ಲಿ ಮೆಷಿನ್ನೇ ಎಣಿಸೋದ್ರಲ್ಲಿ ತಡವರಿಸುತ್ತೆ. ಇನ್ನು ಗಡ್ಡೆ ಫೈಲಲ್ಲಿ ಬೇರೆಯದೇ ಗುಂಪಿನ ಗುರುತುಗಳು ಒಟ್ಟಿಗೆ ಬಂದ್ರೆ ಅದು ಸಂಶೋಧನೆ ಅಲ್ಲ, ಯಾರದ್ದೋ ಸ್ಯಾಂಪಲ್ ಬೆರೆತಿದೆ ಅಂತ. ಕ್ಯಾನ್ಸರ್ ಬಗ್ಗೆ ಪ್ರಕಟವಾದ ಎಷ್ಟೋ ಪೇಪರ್‌ಗಳಲ್ಲೇ ಇಂಥ ಎಡವಟ್ಟು ಇದೆ ಅಂತ 2005ರಲ್ಲಿ ತಜ್ಞರು ತೋರಿಸಿದ್ರು.

ಉತ್ತರ ಇದೆ-ಇಲ್ಲ ಅಂತಲೂ ಬರಲ್ಲ. ಒಂದು ಕೋಶದಲ್ಲಿ ಈ ಡಿಎನ್‌ಎ ನೂರಾರು, ಸಾವಿರಾರು ಪ್ರತಿ ಇರುತ್ತೆ, ಬದಲಾಗಿರೋದು ಅದ್ರಲ್ಲಿ ಎಷ್ಟು ಪರ್ಸೆಂಟ್ ಅನ್ನೋದೇ ಮುಖ್ಯ, ಅದ್ರ ಜೊತೆ ಗಡ್ಡೆ ತುಂಡಲ್ಲಿ ಒಳ್ಳೇ ಕೋಶಗಳೂ ಸೇರಿರ್ತವೆ.

ನನ್ನ ಪ್ರಕಾರ ರಕ್ತದ ಫೈಲ್ ಬೇಕಾಗಿರೋದು ಲೆಕ್ಕಕ್ಕಿಂತ ಜಾಸ್ತಿ ಮನೆಯವ್ರಿಗೋಸ್ಕರ. ಮೈಟೊಕಾಂಡ್ರಿಯಾ ತಾಯಿ ಕಡೆಯಿಂದ ಬರುತ್ತೆ ಅನ್ನೋದು ಈಗ ಎಲ್ರಿಗೂ ಗೊತ್ತು. ಕೊಡವರಲ್ಲಿ ಒಕ್ಕ, ಅಂದ್ರೆ ಮನೆತನ, ಅಪ್ಪನದ್ದು, ಆದ್ರೆ ಇದು ಪೂರ್ತಿ ಅವ್ವನದ್ದು. ರಿಪೋರ್ಟಲ್ಲಿ ಆ ಹೆಸ್ರು ಕಂಡ ಕೂಡ್ಲೇ "ಹಾಗಾದ್ರೆ ಇದು ಅವ್ವನಿಂದ ಬಂದಿದ್ದಾ, ಅವಳ ಬೇರೆ ಮಕ್ಕಳ ಕಥೆ ಏನು?" ಅಂತ ಶುರುವಾಗುತ್ತೆ, ಪರಿಚಯದವ್ರು ನನ್ಗೇ ಫೋನ್ ಮಾಡಿ ಕೇಳಿದ್ದೂ ಇದೆ. ರಕ್ತದಲ್ಲಿ ಇಲ್ಲ, ಗಡ್ಡೇಲಿ ಮಾತ್ರ ಇದೆ ಅಂದ್ರೆ ಅದು ಬಹುತೇಕ ಆ ಗಡ್ಡೆ ಬೆಳೀತಾ ಆಗಿರೋ ಬದಲಾವಣೆ, ತಾಯಿ ಕೊಟ್ಟಿದ್ದಲ್ಲ. ಚಿಕಿತ್ಸೆಗೆ ಡಾಕ್ಟ್ರು ನೋಡೋದೂ ಇದನ್ನಲ್ಲ, ಐಡಿಎಚ್, ಎಂಜಿಎಂಟಿ ಥರದ ಜೀನ್‌ಗಳನ್ನ, ಅವು ನ್ಯೂಕ್ಲಿಯಸ್ ಒಳಗಿನವು.

ಅದಕ್ಕೇ ಈಗ ನಮ್ಮ ಟೀಮಲ್ಲಿ "ಗಡ್ಡೆಯಲ್ಲಿ ಮಾತ್ರ, ರಕ್ತದಲ್ಲಿಲ್ಲ" ಅನ್ನೋ ಸಾಲು ರಿಪೋರ್ಟ್‌ನ ಮೊದಲ ಪುಟದಲ್ಲೇ ಬರುತ್ತೆ. ರಕ್ತ ಬಂದಿಲ್ಲ, ಗಡ್ಡೆ ತುಂಡನ್ನ ಫಾರ್ಮಲಿನ್‌ ದ್ರಾವಣದಲ್ಲಿ ಕೆಡದ ಹಾಗೆ ಇಟ್ಟು ಮೇಣದಲ್ಲಿ ಕೂರಿಸಿದ ಹಳೇ ಬ್ಲಾಕ್ ಒಂದೇ ಬಂದಿದೆ ಅಂದ್ರೆ ಮ್ಯುಟೇಶನ್ ಅನ್ನೋ ಪದಾನೇ ಹಾಕಲ್ಲ, ವ್ಯತ್ಯಾಸ ಅಂತ ಬರೀತೀವಿ, ಫಾರ್ಮಲಿನ್‌ನಿಂದಲೇ ಸಿ ಹೋಗಿ ಟಿ ಆಗಿರೋ ಸಾಧ್ಯತೆ ಬೇರೆ ಇರುತ್ತೆ. ಆಮೇಲೆ ಕಳ್ಸಿದವ್ರಿಗೆ ಫೋನ್ ಮಾಡಿ ಒಂದು ಟ್ಯೂಬ್ ರಕ್ತ ಕೇಳ್ತೀವಿ.