ಪಾರ್ಕಿನಲ್ಲಿ ಡಿಸ್ಕ್ ಗಾಲ್ಫ್: ವಾಕಿಂಗ್‌ನವರ ಜೊತೆ ಜಗಳವಾಗದ ಹಾಗೆ

ಡಿಸ್ಕ್ ಗಾಲ್ಫ್ ಅಂದ್ರೆ ಏನು ಅಂತ ಯಾರಾದರೂ ಕೇಳಿದರೆ, ಆಡುವವರು ಸಾಮಾನ್ಯವಾಗಿ ಕೊಡುವ ಉತ್ತರ ‘ಫ್ರಿಸ್ಬಿ ಎಸೆಯೋದು ಅಷ್ಟೇ’. ಕೇಳಿದವರಿಗೆ ಸಮಾಧಾನವಾಗುತ್ತದೆ, ಆದರೆ ಮಾತು ಅರ್ಧ ಸುಳ್ಳು. ಕಂಬಕ್ಕೆ ಕೂರಿಸಿದ ಸರಪಳಿ ಬಾಸ್ಕೆಟ್‌ಗೆ ಆದಷ್ಟು ಕಮ್ಮಿ ಎಸೆತದಲ್ಲಿ ಡಿಸ್ಕ್ ಬೀಳಿಸೋದು ಆಟ; ಎಸೆಯುವ ಜಾಗದಿಂದ ಒಂದು ಬಾಸ್ಕೆಟ್‌ವರೆಗಿನ ಹಾದಿಗೆ ‘ಹೋಲ್’ ಅನ್ನುತ್ತಾರೆ. ಮಕ್ಕಳ ಫ್ರಿಸ್ಬಿ ಹಗುರ, ಅಂಚು ದುಂಡಗೆ. ಗಾಲ್ಫ್ ಡಿಸ್ಕ್‌ನ ತೂಕ ಹೆಚ್ಚಾಗಿ 150ರಿಂದ 180 ಗ್ರಾಂ. ಕ್ರಿಕೆಟ್‌ನ ಲೆದರ್ ಬಾಲ್ 156ರಿಂದ 163 ಗ್ರಾಂ ಅನ್ನೋದು ನೆನಪಿರಲಿ. ದೂರ ಎಸೆಯಲು ಬಳಸುವ ಡ್ರೈವರ್ ಡಿಸ್ಕ್ ಸುಮಾರು 21 ಸೆಂ.ಮೀ. ಅಗಲ, ಗಾಳಿ ಸೀಳಲಿ ಅಂತಲೇ ಅಂಚು ಚೂಪಾಗಿ ಮಾಡಿರುತ್ತಾರೆ. ಪಳಗಿದ ಕೈಯಿಂದ ಹೊರಟರೆ ನೂರು ಮೀಟರ್ ದಾಟುತ್ತದೆ. ಬ್ಯಾಟಿಗೆ ಬಾಲ್ ಬಡಿದರೆ ಸದ್ದಾದರೂ ಆಗುತ್ತದೆ, ಜನ ತಿರುಗಿ ನೋಡುತ್ತಾರೆ. ಡಿಸ್ಕ್ ಸದ್ದಿಲ್ಲದೆ ಬರುತ್ತದೆ.

ಹಾಗಾಗಿ ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಈ ಆಟಕ್ಕೆ ಒಳ್ಳೆ ಹೆಸರು ಬರಬೇಕಾದರೆ ಅದು ಪ್ರಚಾರದಿಂದ ಬರೋದಲ್ಲ. ಬಾಸ್ಕೆಟ್ ಎಲ್ಲಿ ನೆಟ್ಟಿದ್ದೀರಿ, ಯಾವ ಹೊತ್ತಿಗೆ ಎಸೆಯುತ್ತೀರಿ, ಯಾರಿಗಾಗಿ ನಿಲ್ಲುತ್ತೀರಿ ಅನ್ನೋದರಿಂದ ಬರುತ್ತದೆ. ಈ ಆಟ ಹುಟ್ಟಿದ್ದೇ ಸಾರ್ವಜನಿಕ ಪಾರ್ಕುಗಳಲ್ಲಿ. ಬಾಸ್ಕೆಟ್ ಬರುವ ಮುಂಚೆ ಅಮೆರಿಕದವರು ದೀಪದ ಕಂಬಕ್ಕೆ, ಮರಕ್ಕೆ, ಕಸದ ಡಬ್ಬಕ್ಕೆ ಗುರಿ ಇಟ್ಟು ಎಸೆಯುತ್ತಿದ್ದರು. ಎಡ್ ಹೆಡ್ರಿಕ್ 1975ರಲ್ಲಿ ಮೊದಲ ಕಾಯಂ ಅಂಕಣ ಹಾಕಿದ್ದು ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಎಂಬ ಪಾರ್ಕಿನಲ್ಲಿ. ಕಂಬಕ್ಕೆ ತಾಗಿತೋ ಇಲ್ಲವೋ ಎಂಬ ತಕರಾರು ತೀರದೆ ಸರಪಳಿ ಬಾಸ್ಕೆಟ್ ಬಂತು. ಗಾಲ್ಫ್ ಕ್ಲಬ್ಬಿನ ಹಾಗೆ ಸ್ವಂತ ಬೇಲಿ ಈ ಆಟಕ್ಕೆ ಆಗಲೂ ಇರಲಿಲ್ಲ. ಅಮೆರಿಕದ ಎಷ್ಟೋ ಊರುಗಳಲ್ಲಿ ಬಿಯರ್, ಗಾಂಜಾ, ಜೋರು ಸ್ಪೀಕರ್‌ಗಳ ಕಳಂಕ ಇನ್ನೂ ಪೂರ್ತಿ ಹೋಗಿಲ್ಲ. ಫಿನ್ಲೆಂಡಿನಲ್ಲಿ ಅದೇ ಆಟ ಮನೆಮಂದಿಯೆಲ್ಲ ಆಡುವಂಥದ್ದು, ಊರಾಡಳಿತವೇ ಅಂಕಣ ಮಾಡಿಕೊಡುತ್ತದೆ. ನಮ್ಮ ಕಡೆ ಒಳ್ಳೇದೂ ಇಲ್ಲ, ಕೆಟ್ಟದ್ದೂ ಇಲ್ಲ, ಹಲಗೆ ಖಾಲಿ. ಮೊದಲು ಬರೆಯುವವರು ಹುಷಾರಾಗಿರಬೇಕು.

ಜಾಗದ ಲೆಕ್ಕ ಮೊದಲು. ಹೊಸಬರ ಕೈಯಿಂದ ಡಿಸ್ಕ್ 25 ಡಿಗ್ರಿ ಅಡ್ಡ ಹೋಗೋದು ಮಾಮೂಲು. 60 ಮೀಟರ್ ಎಸೆತದಲ್ಲಿ ಅಷ್ಟು ತಪ್ಪಿದರೆ ಡಿಸ್ಕ್ 25 ಮೀಟರ್ ಪಕ್ಕದಲ್ಲಿ ಬೀಳುತ್ತದೆ, ಎಡಕ್ಕಾದರೂ ಸರಿ, ಬಲಕ್ಕಾದರೂ ಸರಿ. ಅಂದರೆ ಅಗಲ 50 ಮೀಟರ್. ಗುರಿ ಮೀರಿ ಹೋಗೋದಕ್ಕೆ ಬಾಸ್ಕೆಟ್ ಹಿಂದೆ 20 ಮೀಟರ್ ಬಿಡಿ. 80ಕ್ಕೆ 50 ಗುಣಿಸಿ: 4,000 ಚದರ ಮೀಟರ್, ಹೆಚ್ಚುಕಡಿಮೆ 40 ಗುಂಟೆ. ಒಂದೇ ಒಂದು ಹೋಲ್‌ಗೆ ಒಂದು ಎಕರೆ! ಬಡಾವಣೆಯ ಪಾರ್ಕ್ ಎಷ್ಟೋ ಕಡೆ ಇದರ ಅರ್ಧವೂ ಇರೋದಿಲ್ಲ, ಅದರಲ್ಲೇ ಸುತ್ತ ವಾಕಿಂಗ್ ಪಾತ್, ನಡುವೆ ಜಾರುಬಂಡೆ, ಮೂಲೆಗೆ ಓಪನ್ ಜಿಮ್.

ಅದೇ 25 ಮೀಟರ್‌ನ ಹೋಲ್ ಆದರೆ, ಅಗಲ 21 ಮೀಟರ್, ಹಿಂದೆ 15 ಮೀಟರ್ ಸೇರಿಸಿದರೂ ಎಂಟೂವರೆ ಗುಂಟೆ ಒಳಗೆ ಮುಗಿಯುತ್ತದೆ. ಆದ್ದರಿಂದ ಊರೊಳಗಿನ ಪಾರ್ಕಿಗೆ ಹತ್ತಿರದ ಎಸೆತಕ್ಕೆ ಬಳಸುವ ಪಟರ್ ಡಿಸ್ಕ್ ಮಾತ್ರ, 25 ಮೀಟರ್ ಮೀರದ ಎಸೆತ ಮಾತ್ರ. ಪಟರ್‌ನ ಅಂಚು ಮೊಂಡು, ವೇಗ ಕಮ್ಮಿ. ಡ್ರೈವರ್ ಡಿಸ್ಕನ್ನು ಪಾರ್ಕಿನ ಗೇಟ್ ಒಳಗೆ ತರಲೇಬಾರದು ಎಂಬ ನಿಯಮವನ್ನು ಗುಂಪು ತಾನಾಗಿಯೇ ಹಾಕಿಕೊಳ್ಳಬೇಕು. ಬ್ಯಾಗಿನಲ್ಲಿದ್ದರೆ ಯಾರೋ ಒಬ್ಬರು ‘ಒಂದೇ ಒಂದು’ ಅಂತ ತೆಗೆದೇ ತೆಗೆಯುತ್ತಾರೆ.

ಪೂರ್ತಿ ಒಂಬತ್ತು ಹೋಲ್ ಬೇಕು ಅನ್ನುವವರು ಕಾಲೇಜು ಕ್ಯಾಂಪಸ್ಸುಗಳ ಕಡೆ ನೋಡಲಿ. ದಾವಣಗೆರೆಯಲ್ಲಿ ಅದಕ್ಕೇನು ಬರ? ಅಲ್ಲಿ ಕೇಳಬೇಕಾದ ಬಾಗಿಲು ಒಂದೇ, ಭಾನುವಾರ ಜಾಗವೂ ಖಾಲಿ. ಕುಂದವಾಡ ಕೆರೆ ಏರಿ ಮಾತ್ರ ಬೇಡ. ಉದ್ದಕ್ಕೂ ನಡೆಯುವವರು, ಒಂದು ಮಗ್ಗುಲಲ್ಲಿ ಊರಿಗೆ ಕುಡಿಯಲು ಕೊಡುವ ನೀರು, ಅದರ ಮೇಲೆ ಹಕ್ಕಿಗಳು. ಗಾಲ್ಫ್ ಡಿಸ್ಕುಗಳು ಬಹುಪಾಲು ಮುಳುಗುತ್ತವೆ. ತೆಗೆಯಲು ಒಬ್ಬ ನೀರಿಗೆ ಇಳಿದರೆ ಆಟದ ಹೆಸರು ಅವತ್ತಿಗೇ ಮುಗೀತು. ಪಕ್ಕದ ಗಾಜಿನ ಮನೆ ಬಗ್ಗೆ ಹೇಳಬೇಕಾಗಿಯೇ ಇಲ್ಲ. ಚಿತ್ರದುರ್ಗದಲ್ಲಿ ಕೋಟೆ ಸಂರಕ್ಷಿತ ಸ್ಮಾರಕ. ಅಂಥ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ, ಕಂಬ ನೆಡುವ ಯೋಚನೆಯನ್ನೇ ಬಿಡಬೇಕು. ಚಂದ್ರವಳ್ಳಿಯಲ್ಲಿ ಮಯೂರನ ಶಾಸನವಿದೆ, ಬಂಡೆ ಇದೆ, ಕೆರೆ ಇದೆ, ಕೋತಿ ಇವೆ. ನೋಡಲು ಈ ಆಟಕ್ಕೇ ಹೇಳಿ ಮಾಡಿಸಿದ ಹಾಗೆ ಕಾಣುತ್ತದೆ, ಅದೇ ಅಪಾಯ. ಜೋಗಿಮಟ್ಟಿ ವನ್ಯಜೀವಿ ಧಾಮ, ಕರಡಿಗಳ ಜಾಗ.

ಇನ್ನು ಬಾಸ್ಕೆಟ್ ಕೂರಿಸೋದು. ಬಲಗೈಯಲ್ಲಿ ಬ್ಯಾಕ್‌ಹ್ಯಾಂಡ್, ಅಂದರೆ ತೋಳನ್ನು ಎದೆಗೆ ಅಡ್ಡ ತಂದು ಬೀಸಿ, ಎಸೆದ ಡಿಸ್ಕ್ ವೇಗ ಕಳೆದುಕೊಳ್ಳುತ್ತಾ ಕೊನೆಗೆ ಎಡಕ್ಕೆ ವಾಲುತ್ತದೆ. ಅದಕ್ಕೇ ವಾಕಿಂಗ್ ಪಾತ್ ಬಲಕ್ಕಿದ್ದರೆ ಸಾಕು ಅಂತ ಕೆಲವರು ಅಂದುಕೊಳ್ಳುತ್ತಾರೆ. ಸಾಲದು. ಕೈಯಿಂದ ಡಿಸ್ಕ್ ಬಿಡೋದು ಒಂದು ಕ್ಷಣ ತಡವಾದರೆ ಅದು ಪೂರ್ತಿ ವೇಗದಲ್ಲಿ ಬಲಕ್ಕೆ ಹೋಗುತ್ತದೆ, ಹೊಸಬರು ಮಾಡುವ ತಪ್ಪೂ ಇದೇ. ಎಡಕ್ಕೆ ವಾಲಿದ್ದು ಸುಸ್ತಾಗಿ ಬೀಳುವ ಡಿಸ್ಕ್, ಬಲಕ್ಕೆ ಸಿಡಿದದ್ದು ಪೆಟ್ಟು ಕೊಡುವ ಡಿಸ್ಕ್. ಸರಿಯಾದ ದಾರಿ ಎಂದರೆ ಎಸೆಯುವವರ ಬೆನ್ನು ಪಾತ್ ಕಡೆಗಿರಬೇಕು. ಪಾತ್ ಅಂಚಿನಿಂದ ಐದಾರು ಮೀಟರ್ ಒಳಗೆ ಬಂದು, ಪಾರ್ಕಿನ ನಡುವಿನತ್ತ ಎಸೆಯಬೇಕು. ಪಾತ್ ದಾಟಿ ಹೋಗುವ ಎಸೆತ ಒಂದೂ ಇರಬಾರದು, ‘ಯಾರೂ ಇಲ್ಲದಾಗ ಎಸೆದರಾಯ್ತು’ ಅನ್ನೋದು ಪಾರ್ಕಿನಲ್ಲಿ ನಡೆಯೋದಿಲ್ಲ.

ಗಾಳಿ ನಮ್ಮ ಕಡೆ ಇನ್ನೊಂದು ಲೆಕ್ಕ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಬೀಸುವಾಗ ಅದಕ್ಕೆ ಎದುರಾಗಿ ಎಸೆದ ಡಿಸ್ಕ್ ಹೆಚ್ಚು ಮಗುಚಿ, ಬಲಗೈಯವರದ್ದಾದರೆ ಬಲಕ್ಕೆ ಹೊರಳಿಕೊಂಡು ಹೋಗುತ್ತದೆ. ಹಿಂದಿನಿಂದ ಗಾಳಿ ಇದ್ದರೆ ಬೇಗ ಎಡಕ್ಕೆ ಕುಸಿಯುತ್ತದೆ. 150 ಗ್ರಾಂನ ಹಗುರ ಡಿಸ್ಕ್ ಈ ಗಾಳಿಗೆ ಹೇಳಿದ ಮಾತು ಕೇಳೋದಿಲ್ಲ. ಆ ತಿಂಗಳುಗಳಲ್ಲಿ 170ರ ಮೇಲಿನದ್ದೇ ಬಳಸಿ, ಪಡುವಣಕ್ಕೆ ಮುಖ ಮಾಡಿದ ಹೋಲ್ ಇದ್ದರೆ ಅದರ ಬಾಸ್ಕೆಟ್ ಹತ್ತಿರಕ್ಕೆ ತನ್ನಿ.

ಹೊತ್ತು. ಬೆಳಿಗ್ಗೆ ಐದೂವರೆಯಿಂದ ಎಂಟರವರೆಗೆ, ಸಂಜೆ ಐದರಿಂದ ಏಳೂವರೆವರೆಗೆ ಪಾರ್ಕ್ ವಾಕಿಂಗ್‌ನವರದ್ದು, ಯೋಗದವರದ್ದು, ನಗೆಕೂಟದವರದ್ದು. ಇದರಲ್ಲಿ ಚೌಕಾಸಿ ಮಾಡಬಾರದು. ಹಲವು ಪಾರ್ಕುಗಳಿಗೆ ಮಧ್ಯಾಹ್ನ ಬೀಗ. ಹಾಗಾದರೆ ಉಳಿಯೋದು ಎಂಟೂವರೆಯಿಂದ ಹತ್ತು ಹತ್ತೂವರೆ. ಕಮ್ಮಿ ಅನ್ನಿಸುತ್ತದೆ, ಆದರೆ ಆರು ಸಣ್ಣ ಹೋಲ್‌ಗಳನ್ನು ಮೂವರು ಮುಗಿಸಲು ಮುಕ್ಕಾಲು ಗಂಟೆ ಸಾಕು. ಗುಂಪು ನಾಲ್ಕು ಜನ ಮೀರಬಾರದು. ಹತ್ತು ಜನ ಒಟ್ಟಿಗೆ ಬ್ಯಾಗ್ ಹಾಕಿಕೊಂಡು ನಿಂತರೆ, ಒಂದು ಡಿಸ್ಕ್ ಎಸೆಯದಿದ್ದರೂ ಪಾರ್ಕ್ ಆಕ್ರಮಿಸಿಕೊಂಡ ಹಾಗೆ ಕಾಣುತ್ತದೆ.

ಡಿಸ್ಕ್ ಗಾಲ್ಫ್ ವೃತ್ತಿಪರರ ಸಂಘ (ಪಿಡಿಜಿಎ) 1976ರಲ್ಲಿ ಹುಟ್ಟಿತು. ಅದರ ನಿಯಮಾವಳಿಯ ಶಿಷ್ಟಾಚಾರದ ಭಾಗ ಹೇಳೋದು ಸರಳ: ಯಾರಿಗೂ ಪೆಟ್ಟಾಗುವುದಿಲ್ಲ ಎಂಬುದು ಖಾತ್ರಿಯಾಗದೆ ಎಸೆಯಬೇಡ. ಪಾರ್ಕಿನಲ್ಲಿ ಇದರ ಅರ್ಥ: ಎಸೆತದ ಹಾದಿಯಲ್ಲಿ, ಆಚೀಚೆ 25 ಮೀಟರ್ ಒಳಗೆ ಯಾರಾದರೂ ಇದ್ದರೆ ಡಿಸ್ಕ್ ಕೆಳಗಿಟ್ಟು ನಿಲ್ಲಬೇಕು. ಕೈಯಲ್ಲಿ ಹಿಡಿದೇ ನಿಂತರೆ ಅಜ್ಜಿಯರು ‘ಎಸೀತಾನೇನೋ’ ಅಂತ ಹೆದರಿ ಓಡುನಡಿಗೆ ಹಾಕುತ್ತಾರೆ, ಅದೂ ಒಂದು ಬೈಗುಳಕ್ಕೆ ದಾರಿ. ‘ಹೋಗ್ರಿ ಯಜಮಾನ್ರೇ, ನಿಧಾನಕ್ಕೆ ಹೋಗ್ರಿ’ ಅಂದು ಕೈ ತೋರಿಸಿ. ತಪ್ಪಿ ಹೋದ ಡಿಸ್ಕಿಗೆ ಗಾಲ್ಫ್‌ನವರ ಎಚ್ಚರಿಕೆಯ ಕೂಗು ‘ಫೋರ್’ ಅಂತ ಕೂಗಿದರೆ ಇಲ್ಲಿ ಯಾರಿಗೂ ತಿಳಿಯದು, ತಲೆ ಎತ್ತಿ ನೋಡುತ್ತಾರೆ, ನೇರ ಮುಖಕ್ಕೆ. ‘ತಲೆ ತಲೆ’ ಅಂತ ಕೂಗಿದರೆ ಕೈ ತಾನಾಗಿ ಮೇಲೆ ಹೋಗುತ್ತದೆ.

ಟೆನಿಸ್ ಬಾಲ್ ಕ್ರಿಕೆಟ್ ಹುಡುಗರ ಜೊತೆ ಪೈಪೋಟಿ ಬೇಡ. ಅವರ ಪಿಚ್ ಮೇಲೆ ಬಾಸ್ಕೆಟ್ ತಂದಿಟ್ಟರೆ ಒಂದೇ ವಾರದಲ್ಲಿ ಅದು ಸ್ಟಂಪ್ ಆಗುತ್ತದೆ. ಬೀದಿನಾಯಿಗಳು ಡಿಸ್ಕ್ ಬೆನ್ನಟ್ಟಿ ಕಚ್ಚುತ್ತವೆ; ಹಲ್ಲಿನ ಗುರುತಿನಲ್ಲಿ ಎದ್ದ ಪ್ಲಾಸ್ಟಿಕ್ ಚೂರು ಕೈ ಕುಯ್ಯುತ್ತದೆ, 220 ನಂಬರ್ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ ಬಿಡಿ.

ಮರಗಳ ವಿಷಯದಲ್ಲಿ ಆಟಗಾರರು ಒಪ್ಪದ ಒಂದು ಸತ್ಯವಿದೆ: ಡಿಸ್ಕ್ ಮರಕ್ಕೆ ಪೆಟ್ಟು ಮಾಡುತ್ತದೆ. ದೊಡ್ಡ ಬೇವು, ಹೊಂಗೆ ತಡೆದುಕೊಳ್ಳುತ್ತವೆ. ತೋಳು ಗಾತ್ರದ ಸಸಿಯ ತೊಗಟೆ ಒಂದೇ ಕಡೆ ಹತ್ತಾರು ಬಾರಿ ಪೆಟ್ಟು ತಿಂದರೆ ಸಿಪ್ಪೆ ಏಳುತ್ತದೆ, ಆ ಗಾಯದಲ್ಲಿ ಕೀಟ ಸೇರುತ್ತದೆ. ಎಸೆಯುವ ಜಾಗದಿಂದ ಹತ್ತು ಮೀಟರ್ ಒಳಗಿನ ಕಾಂಡಗಳಿಗೆ ಬಿದಿರ ದಬ್ಬೆ ಕಟ್ಟಿ, ನಡುವೆ ತೆಂಗಿನ ನಾರು ತುರುಕಿ; ಹಗ್ಗ ಬಿಗಿಯಬೇಡಿ, ಕಾಂಡ ದಪ್ಪವಾದಂತೆ ಕೊರೆಯುತ್ತದೆ. ಅಡ್ಡ ಬರುವ ಕೊಂಬೆ ಕಡಿಯುವ ಹಾಗಿಲ್ಲ. 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ಅದು ಇಲ್ಲದಿದ್ದರೂ ಮಾಲಿಯ ಕಣ್ಣಿದೆ. ಬಾಸ್ಕೆಟ್ ಸುತ್ತ ಹುಲ್ಲು ಸಾಯೋದು ಇನ್ನೊಂದು ದೂರು. ಎಲ್ಲರೂ ಅಲ್ಲೇ ತುಳಿಯುತ್ತಾರೆ. ದಾವಣಗೆರೆಯ ಎರೆಮಣ್ಣು ಮಳೆಯಲ್ಲಿ ಅಂಟುಂಡೆ, ಬಿಸಿಲಲ್ಲಿ ಬಿರುಕು. ಪ್ರತಿ ಹೋಲ್‌ಗೂ ಎರಡು ಜಾಗ ಗುರುತಿಸಿ, ಎರಡು ಮೂರು ವಾರಕ್ಕೊಮ್ಮೆ ಬಾಸ್ಕೆಟ್ ಬದಲಿಸಿ, ಮಳೆ ನಿಂತ ಮರುದಿನ ಆಡಬೇಡಿ.

ಬಾಸ್ಕೆಟನ್ನು ಹೊರಗಿಂದ ತರಿಸಲೇಬೇಕೆಂದಿಲ್ಲ, ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಆಗುತ್ತದೆ. ಒಂದೂವರೆ ಇಂಚಿನ ಜಿಐ ಪೈಪ್, ತಟ್ಟೆಯ ಅಂಚು ನೆಲದಿಂದ ಸುಮಾರು 82 ಸೆಂ.ಮೀ., ಅದರ ಮೇಲೆ ಅರ್ಧ ಮೀಟರ್ ಎತ್ತರಕ್ಕೆ ಸರಪಳಿ ತೂಗುವ ಬಳೆ, ತಟ್ಟೆಯ ಅಗಲ ಸುಮಾರು 65 ಸೆಂ.ಮೀ. ಸರಪಳಿ ಹೊರಸುತ್ತಿಗೆ ಹನ್ನೆರಡು, ಒಳಸುತ್ತಿಗೆ ಹನ್ನೆರಡು. ಒಳಸುತ್ತು ಬಿಟ್ಟರೆ ಡಿಸ್ಕ್ ನಡುವೆ ತೂರಿ ಆಚೆ ಬೀಳುತ್ತದೆ. ಬೆಸುಗೆಯ ಚೂಪು ಮೊನೆಗಳನ್ನು ಗ್ರೈಂಡರ್ ಹಾಕಿ ಸವೆಸಲೇಬೇಕು, ತಟ್ಟೆ ಸರಿಯಾಗಿ ಮಗುವಿನ ಮುಖದ ಎತ್ತರಕ್ಕಿರುತ್ತದೆ. ಆರಂಭದಲ್ಲಿ ಕಾಂಕ್ರೀಟ್ ಬೇಡ, ಕಬ್ಬಿಣದ ಅಗಲ ಪಾದ ಇರುವ ಎತ್ತಿಡುವ ಬಾಸ್ಕೆಟ್ ಸಾಕು. ಆಟ ಮುಗಿದ ಮೇಲೆ ಎತ್ತಿಕೊಂಡೇ ಹೋಗಿ, ಇಲ್ಲದಿದ್ದರೆ ಸರಪಳಿ ಗುಜರಿ ಸೇರುತ್ತದೆ.

ಎತ್ತಿಡುವ ಬಾಸ್ಕೆಟ್‌ನಿಂದ ಅನುಮತಿಯೂ ಹಗುರಾಗುತ್ತದೆ. ಕರ್ನಾಟಕದಲ್ಲಿ ಉದ್ಯಾನ, ಆಟದ ಬಯಲುಗಳನ್ನು ಬೇರೆ ಉಪಯೋಗಕ್ಕೆ ತಿರುಗಿಸದಂತೆ ಕಾಯಲು 1985ರಿಂದ ಕಾಯ್ದೆಯೇ ಇದೆ, ನೆಲ ಅಗೆಯುವ ಮಾತು ಬಂದ ಕೂಡಲೇ ಕಡತ ನಿಲ್ಲುತ್ತದೆ. ದಾವಣಗೆರೆಯಲ್ಲಿ ಪಾಲಿಕೆ ಆಯುಕ್ತರಿಗೆ, ಚಿತ್ರದುರ್ಗದಲ್ಲಿ ನಗರಸಭೆಗೆ ಅರ್ಜಿ ಕೊಡಿ. ಮೂರು ತಿಂಗಳ ಪ್ರಯೋಗ, ವಾರಕ್ಕೆ ಎರಡು ದಿನ, ಇಂಥ ಹೊತ್ತು, ನಾಲ್ಕು ಬಾಸ್ಕೆಟ್, ಪಟರ್ ಮಾತ್ರ, ದೂರು ಹೇಳಲು ಒಂದು ಫೋನ್ ನಂಬರ್. ಜೊತೆಗೆ ಪಾತ್, ಬೆಂಚು, ಎಸೆಯುವ ದಿಕ್ಕು ಗುರುತಿಸಿದ ಕೈನಕ್ಷೆ. ಅರ್ಜಿಗಿಂತ ಮೊದಲು ಅದೇ ನಕ್ಷೆಯನ್ನು ವಾಕಿಂಗ್ ಗುಂಪಿನ ಹಿರಿಯರಿಗೆ ತೋರಿಸಿ. ಅವರು ‘ಆ ಬೆಂಚಿನ ಹತ್ತಿರ ಬೇಡ’ ಅಂದರೆ ವಾದ ಬೇಡ, ಅಳಿಸಿ ಬೇರೆ ಕಡೆ ಬರೆಯಿರಿ. ಐದು ಮೀಟರ್ ದೂರದಿಂದ ಅವರ ಕೈಗೇ ಒಂದು ಡಿಸ್ಕ್ ಕೊಟ್ಟು ಎಸೆಯಲು ಹೇಳಿ. ಸರಪಳಿ ಝಲ್ ಅಂದಮೇಲೆ ಎರಡನೇದು ಅವರೇ ಕೇಳುತ್ತಾರೆ. ರೀಲ್ಸ್ ಮಾತ್ರ ಬೇಡ. ಪಾರ್ಕಿನಲ್ಲಿ ದೂರ ಎಸೆಯುವ ಒಂದು ವಿಡಿಯೋ ಹತ್ತು ತುಂಟರನ್ನು ಡ್ರೈವರ್ ಸಮೇತ ಕರೆತರುತ್ತದೆ.

ಬೋರ್ಡ್ ಹಾಕುವುದಾದರೆ ಕನ್ನಡದಲ್ಲಿ, ಎರಡೇ ಸಾಲು, ಆಡುವವರಿಗಲ್ಲ, ನಡೆಯುವವರಿಗೆ: ‘ಇಲ್ಲಿ ಎಂಟೂವರೆಯಿಂದ ಹತ್ತರವರೆಗೆ ಡಿಸ್ಕ್ ಎಸೆಯುತ್ತಾರೆ. ನೀವು ದಾಟುವಾಗ ಅವರು ನಿಲ್ಲುತ್ತಾರೆ.’ ಕೆಳಗೆ ಫೋನ್ ನಂಬರ್. ಯಾರಿಗಾದರೂ ತಾಗಿದರೆ ಆಟ ಅಲ್ಲಿಗೇ ನಿಲ್ಲಿಸಿ, ಐಸ್ ಹಚ್ಚಿ. ತಲೆಗೋ ಕಣ್ಣಿಗೋ ಬಿದ್ದಿದ್ದರೆ ಅವರು ‘ಏನಿಲ್ಲ ಬಿಡ್ರಿ’ ಅಂದರೂ ಆಸ್ಪತ್ರೆಗೆ ಕರೆದೊಯ್ದು ತೋರಿಸಿ, ಖರ್ಚು ಗುಂಪಿನದ್ದು. ಆ ಹೋಲ್ ಅವತ್ತೇ ರದ್ದು, ಮುಂದಿನ ವಾರಕ್ಕೆ ಹೊಸ ನಕ್ಷೆ.