ಅತ್ತೂರಿನ ಹರಕೆ, ರ‍್ಯಾಲಿಯ ದಾರಿ

ಕಾರ್ಕಳದ ಅತ್ತೂರು ಸಂತ ಲಾರೆನ್ಸರ ಬಸಿಲಿಕದಲ್ಲಿ ಪ್ರತಿ ಜನವರಿಯಲ್ಲಿ ನಡೆಯುವ ವಾರ್ಷಿಕ ಮಹೋತ್ಸವಕ್ಕೆ ಜಾತಿ ಮತಗಳ ಭೇದವಿಲ್ಲದೆ ಬರುವ ಭಕ್ತರು ಮೊಂಬತ್ತಿಯ ಜೊತೆಗೆ ಒಂದೊಂದು ಕೋರಿಕೆಯನ್ನೂ ಹೊತ್ತು ತರುತ್ತಾರೆ. ಮಗುವಿನ ಆರೋಗ್ಯ, ಮಗಳ ಮದುವೆ, ಗಲ್ಫಿನಲ್ಲೊಂದು ಕೆಲಸ. ಬಿಡುವಿನ ದಿನಗಳಲ್ಲಿ ಹವ್ಯಾಸಕ್ಕಾಗಿ ಕಾರು ರ‍್ಯಾಲಿಗೆ ಹೋಗುವ ನಾನು ಅಲ್ಲಿ ಏನನ್ನು ಬೇಡಬೇಕೆಂಬುದು ಬಹುಕಾಲ ನನ್ನನ್ನು ಕಾಡಿದೆ. ಗೆಲುವನ್ನು ಬೇಡಲು ಮನಸ್ಸು ಒಪ್ಪುವುದಿಲ್ಲ. ಒಬ್ಬನ ಗೆಲುವೆಂದರೆ ಇನ್ನೊಬ್ಬನ ಸೋಲು. ಆ ಇನ್ನೊಬ್ಬನೂ ಸಂತರಿಗೆ ಅಷ್ಟೇ ಪ್ರಿಯನಾದವನು.

ವಾಹನ ಚಾಲಕರಿಗೆ ಕಥೋಲಿಕ ಧರ್ಮಸಭೆ ಕೊಟ್ಟಿರುವ ಪಾಲಕಿ ರೋಮಿನ ಸಂತ ಫ್ರಾನ್ಸಿಸ್ಕಾ. 1384ರಲ್ಲಿ ಹುಟ್ಟಿ 1440ರ ಮಾರ್ಚ್ 9ರಂದು ತೀರಿಕೊಂಡ ಈ ಗೃಹಿಣಿ ರೋಗಿಗಳ ಶುಶ್ರೂಷೆಯಲ್ಲಿ, ಬಡವರಿಗೆ ಅನ್ನ ನೀಡುವುದರಲ್ಲಿ ಬದುಕನ್ನು ಸವೆಸಿದವರು. ಮೋಟಾರು ಗಾಡಿಯನ್ನೇ ಕಾಣದ ಅವರನ್ನು ಪೋಪ್ 11ನೇ ಪಿಯುಸ್ 1925ರಲ್ಲಿ ಚಾಲಕರ ಪಾಲಕಿಯೆಂದು ಘೋಷಿಸಿದ್ದಕ್ಕೆ ಒಂದು ಕಾರಣವಿದೆ: ರಾತ್ರಿ ಹೊತ್ತು ಅವರು ಸೇವೆಗೆ ಹೊರಟಾಗ ಕಾವಲು ದೂತನ ಬೆಳಕು ಅವರ ಮುಂದಿನ ದಾರಿಯನ್ನು ತೋರುತ್ತಿತ್ತೆಂದು ಪರಂಪರೆ ಹೇಳುತ್ತದೆ. ಆ ಬೆಳಕು ಅವರನ್ನು ಬೇಗ ತಲುಪಿಸಲು ಬಂದದ್ದಲ್ಲ, ಎಡವದಂತೆ ನಡೆಸಲು ಬಂದದ್ದು.

ಈ ಕಥೆ ನನಗೆ ಹತ್ತಿರವಾಗುವುದು ನಾನು ಭಾಗವಹಿಸುವ ಸ್ಪರ್ಧೆಯ ಸ್ವಭಾವದಿಂದ. ಸಮಯ, ವೇಗ, ದೂರಗಳ ಲೆಕ್ಕದ ಮೇಲೆ ನಡೆಯುವ ರ‍್ಯಾಲಿಯಲ್ಲಿ ಆಯೋಜಕರು ಕೊಟ್ಟ ಸರಾಸರಿ ವೇಗವನ್ನೇ ಕಾಯ್ದುಕೊಂಡು ಹೋಗಬೇಕು. ತಪಾಸಣಾ ಠಾಣೆಗೆ ತಡವಾಗಿ ಬಂದವನಿಗೆ ಮಾತ್ರವಲ್ಲ, ಬೇಗ ಬಂದವನಿಗೂ ದಂಡದ ಅಂಕ ಬೀಳುತ್ತದೆ. ದಾರಿಯ ಪುಸ್ತಕ ಇರುವುದು ಪಕ್ಕದಲ್ಲಿ ಕುಳಿತ ನ್ಯಾವಿಗೇಟರ್ ಕೈಯಲ್ಲಿ. ಮುಂದಿನ ತಿರುವು ಎಲ್ಲಿ, ಎಷ್ಟು ದೂರದಲ್ಲಿ ಎಂಬುದನ್ನು ಅವನ ಬಾಯಿಂದ ಕೇಳಿ, ಕೇಳಿದಂತೆಯೇ ನಡೆಯುವುದು ಚಾಲಕನ ಕೆಲಸ. ಸ್ವಂತ ಬುದ್ಧಿಯನ್ನು ಹಿಂದಿಟ್ಟು ಇನ್ನೊಬ್ಬರ ಮಾತಿಗೆ ಕಿವಿಗೊಡುವ ಈ ಅಭ್ಯಾಸ ನನ್ನ ಪ್ರಾರ್ಥನೆಗೂ ಬಂದಿದೆಯೆಂದು ಕೃತಜ್ಞತೆಯಿಂದ ಹೇಳುತ್ತೇನೆ.

ಕಾರಿನಲ್ಲಿ ಪ್ರಯಾಣಿಕರ ಪಾಲಕರಾದ ಸಂತ ಕ್ರಿಸ್ಟೋಫರರ ಪದಕವಿದೆ. 1969ರ ಪರಿಷ್ಕರಣೆಯಲ್ಲಿ ಅವರ ಹಬ್ಬ ಧರ್ಮಸಭೆಯ ಸಾರ್ವತ್ರಿಕ ಪಂಚಾಂಗದಿಂದ ಬಿಟ್ಟುಹೋಯಿತೇ ಹೊರತು ಅವರು ಸಂತರಾಗಿಯೇ ಉಳಿದರು. ಬಾಲಯೇಸುವನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿದ ಅವರ ಮೇಲಿನ ಭಕ್ತಿಯೂ ಉಳಿಯಿತು. ಆದರೆ ಪದಕ ರಕ್ಷಾಕವಚವಲ್ಲ. ಅದನ್ನು ನೆಚ್ಚಿಕೊಂಡು ಕುರುಡು ತಿರುವಿನಲ್ಲಿ ವೇಗ ಹೆಚ್ಚಿಸುವುದು ದೇವರನ್ನು ಪರೀಕ್ಷಿಸಿದಂತೆ. ವ್ಯಾಟಿಕನ್ 2007ರಲ್ಲಿ ಚಾಲಕರಿಗಾಗಿ ನೀಡಿದ ಹತ್ತು ಆಜ್ಞೆಗಳಲ್ಲಿ ಮೊದಲನೆಯದು ‘ಕೊಲ್ಲಬೇಡ’ ಎಂಬುದೇ. ವಾಹನವನ್ನು ಅಧಿಕಾರ, ದರ್ಪಗಳ ಪ್ರದರ್ಶನವಾಗಿಸಬೇಡ ಎಂದು ಐದನೆಯದು, ರಸ್ತೆಯಲ್ಲಿ ದುರ್ಬಲನಾದವನನ್ನು ಕಾಪಾಡು ಎಂದು ಒಂಬತ್ತನೆಯದು ಹೇಳುತ್ತವೆ. ಎಂಜಿನ್ನಿನ ಸದ್ದಿಗೆ ಹಿಗ್ಗುವ ನನ್ನಂಥವರಿಗೆ ಐದನೆಯದು ಎಲ್ಲಕ್ಕಿಂತ ಕಠಿಣ.

ಒಂಬತ್ತನೆಯದನ್ನು ಓದುವಾಗ ಮನಸ್ಸು ಮತ್ತೆ ಲಾರೆನ್ಸರ ಬಳಿಗೆ ಹೋಗುತ್ತದೆ. ಚಕ್ರವರ್ತಿ ವಲೇರಿಯನನ ಕಾಲದಲ್ಲಿ, 258ರಲ್ಲಿ, ನಂಬಿಕೆಗಾಗಿ ಪ್ರಾಣ ಕೊಟ್ಟು ರಕ್ತಸಾಕ್ಷಿಯಾದ ಈ ಡೀಕನ್ (ಗುರುಗಳಿಗಿಂತ ಕೆಳಗಿನ ದರ್ಜೆಯ ಧರ್ಮಸೇವಕ), ಧರ್ಮಸಭೆಯ ಸಂಪತ್ತನ್ನು ಒಪ್ಪಿಸೆಂದು ಅಧಿಕಾರಿ ಆಜ್ಞಾಪಿಸಿದಾಗ ಇದ್ದುದನ್ನೆಲ್ಲ ಹಂಚಿಬಿಟ್ಟು, ಬಡವರನ್ನೂ ಅಂಗವಿಕಲರನ್ನೂ ಕರೆತಂದು ಇವರೇ ನಮ್ಮ ಸಂಪತ್ತೆಂದು ತೋರಿಸಿದರೆಂಬುದು ಪ್ರಾಚೀನ ನಂಬಿಕೆ. ಮಲೆನಾಡಿನ ಕಾಫಿ ತೋಟಗಳ ನಡುವಿನ ರಸ್ತೆ ನಮ್ಮ ಹವ್ಯಾಸಕ್ಕಾಗಿ ಹಾಕಿದ್ದಲ್ಲ. ತಲೆಯ ಮೇಲೆ ಸೌದೆ ಹೊತ್ತ ಕೂಲಿ ಹೆಂಗಸು, ಶಾಲೆಯಿಂದ ಮರಳುವ ಮಕ್ಕಳು, ದನ ಹೊಡೆದುಕೊಂಡು ಹೋಗುವ ಅಜ್ಜ, ಇವರು ಆ ದಾರಿಯ ಒಡೆಯರು. ಲಾರೆನ್ಸರು ಬೆರಳು ಮಾಡಿ ತೋರಿಸಿದ ಸಂಪತ್ತು ನನ್ನ ಕಾರಿನ ಎದುರಿಗೇ ನಡೆದುಬರುತ್ತಿರುತ್ತದೆ.

ಈ ವರ್ಷ ಅತ್ತೂರಿನಲ್ಲಿ ಮೊಂಬತ್ತಿ ಹಚ್ಚುವಾಗ ಸಂತರಿಗೆ ಹೇಳಿಕೊಳ್ಳುವ ಹರಕೆ ಇಷ್ಟು: ದಾರಿಯಲ್ಲಿ ಯಾರೇ ಎದುರಾದರೂ ವೇಗ ಇಳಿಸುತ್ತೇನೆ, ನೆರವು ಬೇಕಾದವರಿದ್ದರೆ ಕಾರು ನಿಲ್ಲಿಸುತ್ತೇನೆ, ಅದರಿಂದ ಕಳೆದುಹೋದ ನಿಮಿಷಗಳನ್ನು ಮುಂದಿನ ತಿರುವಿನಲ್ಲಿ ಮರಳಿ ಗಳಿಸಲು ಹೋಗುವುದಿಲ್ಲ.